ಹದಿನೈದು ವರ್ಷಕ್ಕೆ ಒಂದು ಗಾಡಿ

ಕ್ವಾಲಿಸ್ ತಯಾರಿಕೆ ನಿಂತು ಎರಡು ದಶಕ ಕಳೆಯಿತು. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಅದು ಇವತ್ತೂ ಓಡುತ್ತಿದೆ. ಬಣ್ಣ ಮಾಸಿದೆ, ಸೀಟಿನ ಬಟ್ಟೆ ಹರಿದಿದೆ, ಹಿಂದಿನ ಬಾಗಿಲನ್ನು ಎರಡು ಸಲ ಬಡಿದರೆ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ಮಾರ್ಗಶಿರದ ಚಳಿಯಲ್ಲೂ ಸ್ಟಾರ್ಟ್ ಆಗುತ್ತದೆ.

ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. ಬಿಡದಿಯ ಕಾರ್ಖಾನೆಯಿಂದ 2000ದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಅದರ ಮೊದಲ ಗಾಡಿಯೇ ಕ್ವಾಲಿಸ್. ಇಂಡೊನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಲ್ಲಿ ಓಡುತ್ತಿದ್ದ ಗಾಡಿಯನ್ನೇ ಇಲ್ಲಿಗೆ ಒಗ್ಗಿಸಿದ್ದರು. ಪೆಟ್ಟಿಗೆಯಂಥ ಆಕಾರ, 2.4 ಲೀಟರಿನ ಡೀಸೆಲ್ ಎಂಜಿನ್, ಅದಕ್ಕೆ ಟರ್ಬೊ ಕೂಡ ಇರಲಿಲ್ಲ. ನೋಡಲು ಚೆಂದವಿಲ್ಲ ಎಂದವರೇ ಹೆಚ್ಚು. 2005ರಲ್ಲಿ ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಾಗ ಕ್ವಾಲಿಸ್‌ಗೆ ಗಿರಾಕಿಗಳು ಕಡಿಮೆಯಾಗಿರಲಿಲ್ಲ. ಅಷ್ಟು ಹಳೆಯ ಗಾಡಿ ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಂಜಿನ್ ಸರಳ, ಮೇಲೆ ಭಾರ ಬಿದ್ದರೂ ತಾಳುತ್ತಿತ್ತು. ಕೆಟ್ಟರೆ ಮದ್ದೂರಿನ ಗ್ಯಾರೇಜಿನ ಮೇಸ್ತ್ರಿಯೇ ಬಿಚ್ಚಿ ಕಟ್ಟುತ್ತಿದ್ದ. ಬೇಕಾದ ಸ್ಪೇರು ಅದೇ ದಿನವೋ ಮಾರನೇ ದಿನವೋ ಸಿಗುತ್ತಿತ್ತು.

ಇವತ್ತು ಮಧ್ಯಮ ಗಾತ್ರದ ಎಸ್‌ಯುವಿ ಕೊಳ್ಳಹೊರಟ ಮನೆಯವರು ಮೊದಲು ಕೇಳಬೇಕಾದದ್ದೂ ಇದನ್ನೇ. ಹನ್ನೆರಡನೇ ವರ್ಷದಲ್ಲಿ ಈ ಗಾಡಿಯನ್ನು ಯಾರು ರಿಪೇರಿ ಮಾಡುತ್ತಾರೆ? ಶೋರೂಮಿನಲ್ಲಿ ಈ ಮಾತು ಬರುವುದಿಲ್ಲ. ಅಲ್ಲಿ ತೆರೆದುಕೊಳ್ಳುವ ಗಾಜಿನ ಮಾಡು, ಗಾಳಿಯಾಡುವ ಸೀಟು, ಗೋಡೆಯಷ್ಟಗಲದ ಸ್ಕ್ರೀನು ತೋರಿಸುತ್ತಾರೆ. ಮನೆಯ ಹುಡುಗರಿಗೆ ಅವು ಬೇಕು, ತಪ್ಪೇನಿಲ್ಲ. ಆದರೆ ಕಂತು ಕಟ್ಟುವವರು ಬೇರೆ.

ಕರ್ನಾಟಕದಲ್ಲಿ ಗಾಡಿಯನ್ನು ಬಹಳ ವರ್ಷ ಇಟ್ಟುಕೊಳ್ಳಲು ತೆರಿಗೆಯೇ ಒಂದು ಬಲವಾದ ಕಾರಣ. 10 ಲಕ್ಷದಿಂದ 20 ಲಕ್ಷದೊಳಗಿನ ಕಾರಿಗೆ ರಾಜ್ಯದಲ್ಲಿ ಆಜೀವ ತೆರಿಗೆ ಶೇ 17. ಆ ತೆರಿಗೆಯ ಮೇಲೆ ಶೇ 11 ಸೆಸ್. 15 ಲಕ್ಷದ ಗಾಡಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 2.83 ಲಕ್ಷ ರೂಪಾಯಿ, ಗಾಡಿ ರಸ್ತೆಗೆ ಇಳಿಯುವ ಮೊದಲೇ ಹೋಗುತ್ತದೆ. ಇದಕ್ಕೂ ಮೊದಲು ಜಿಎಸ್‌ಟಿ ಆ ಬೆಲೆಯೊಳಗೇ ಸೇರಿಕೊಂಡಿರುತ್ತದೆ. ಇಂಥ ಗಾಡಿಗಳ ಮೇಲೆ ಸೆಸ್ಸೂ ಸೇರಿ ಶೇ 45ರಿಂದ 50ರವರೆಗೆ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಇಳಿದಿದೆ. ನಾಲ್ಕೈದು ವರ್ಷಕ್ಕೊಮ್ಮೆ ಗಾಡಿ ಬದಲಿಸುವವರು ಪ್ರತಿ ಸಲವೂ ಇದನ್ನೆಲ್ಲ ಹೊಸದಾಗಿ ಕಟ್ಟುತ್ತಾರೆ. ಕಬ್ಬಿನ ಬಿಲ್ಲಿಗೆ ಕಾದು, ರೇಷ್ಮೆಗೂಡು ಮಾರಿ ಮುಂಗಡ ಕೂಡಿಸುವ ಮನೆಗೆ ಆ ಆಟ ಆಗದು. ಹೊಸ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ ಸಿಗುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ದೆಹಲಿಯಲ್ಲಿ ತಂದಂತೆ ಹತ್ತು ವರ್ಷದ ಡೀಸೆಲ್ ಗಾಡಿ ಮೂಲೆಗೆ ಸೇರಬೇಕೆಂಬ ನಿಯಮ ಇಲ್ಲಿಲ್ಲ. ಹಾಗಾಗಿ ಹದಿನೈದು ವರ್ಷ ಎಂದು ಇಟ್ಟುಕೊಂಡೇ ಲೆಕ್ಕ ಮಾಡುವುದು ಸರಿ.

ಆ ಹದಿನೈದು ವರ್ಷ ಗಾಡಿ ಓಡುವುದು ಯಾವ ದಾರಿಯಲ್ಲಿ? ಮಂಡ್ಯ ಜಿಲ್ಲೆಯ ಗಾಡಿಗೆ ಎರಡು ಬಗೆಯ ಬದುಕು ಇದೆ. ಒಂದು, 118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿಯೇ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಕಾರಿಗೆ ಗರಿಷ್ಠ ವೇಗ ಗಂಟೆಗೆ 100 ಕಿಲೋಮೀಟರ್. ವಾರದ ಕೊನೆಗೆ ಬೆಂಗಳೂರಿನ ಮಗ ಊರಿಗೆ ಬರುವುದು, ಅಪ್ಪನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುವುದು ಇದೇ ದಾರಿಯಲ್ಲಿ. ಇಲ್ಲಿ ಬ್ರೇಕು, ಟೈರು, ಗಾಡಿಯ ಗಟ್ಟಿ ಮೈ ಮುಖ್ಯ.

ಇನ್ನೊಂದು ಬದುಕು ಮದ್ದೂರಿನಿಂದ ಮಳವಳ್ಳಿ ಕಡೆ ತಿರುಗಿದ ಕೂಡಲೇ ಶುರು. ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿದ ಕಬ್ಬಿನ ಗಾಡಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಬೇಕು. ಪ್ರತಿ ಊರಿನ ಬಾಗಿಲಲ್ಲೂ ಊರವರೇ ಹಾಕಿಸಿಕೊಂಡ ಹಂಪು. ಹಲಗೂರು ದಾಟಿ ಮುತ್ತತ್ತಿಗೆ ಇಳಿದರೆ ಕಾಡಿನ ತಿರುವು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಮಳವಳ್ಳಿ, ಕೊಳ್ಳೇಗಾಲ ದಾಟಿ ಘಾಟಿ ಹತ್ತುವಾಗ ಐದು ಸೀಟಿನ ಗಾಡಿಯಲ್ಲಿ ಏಳು ಜನ, ಮೇಲೆ ಅಡುಗೆಯ ಪಾತ್ರೆ. ಬ್ರೋಷರಿನಲ್ಲಿ ಬರೆದ ಮೈಲೇಜನ್ನು ಇಲ್ಲಿ ನಂಬಬಾರದು.

ಸುಗ್ಗಿಯಲ್ಲಿ ಇನ್ನೊಂದು ಅಪಾಯ ಸೇರುತ್ತದೆ. ರಾಗಿ, ಹುರುಳಿ ಒಕ್ಕಣೆಗೆ ರೈತರು ಡಾಂಬರು ರಸ್ತೆಯನ್ನೇ ಕಣ ಮಾಡಿಕೊಳ್ಳುತ್ತಾರೆ. ಕಣಕ್ಕೆ ಬಿಟ್ಟ ಜಾಗ ಊರುಗಳಲ್ಲಿ ಉಳಿದಿಲ್ಲದಿರುವುದು ಅವರ ತಪ್ಪಲ್ಲ. ಆದರೆ ಹುರುಳಿಯ ಬಳ್ಳಿ ಗಾಡಿಯ ಅಡಿಯಲ್ಲಿ ತಿರುಗುವ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟ ಸುದ್ದಿ ಹಳೆ ಮೈಸೂರು ಭಾಗದಿಂದ ಮತ್ತೆ ಮತ್ತೆ ಬರುತ್ತದೆ. ಗಾಡಿ ಎತ್ತರವಿದ್ದರೆ ಅಪಾಯ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಹುಲ್ಲಿನ ಮೇಲೆ ಹೋಗಲೇಬೇಕಾಗಿ ಬಂದರೆ, ದಾಟಿದ ಮೇಲೆ ನಿಲ್ಲಿಸಿ ಅಡಿ ಬಗ್ಗಿ ನೋಡುವುದು ಜೀವ ಉಳಿಸುವ ಅಭ್ಯಾಸ. ನೆಲದಿಂದ ಎತ್ತರದ ಲೆಕ್ಕದಲ್ಲಿ ಹುಂಡೈ ಕ್ರೆಟಾ 190 ಮಿಲಿಮೀಟರ್, ಮಾರುತಿ ಗ್ರ್ಯಾಂಡ್ ವಿಟಾರಾ 210, ಹೋಂಡಾ ಎಲಿವೇಟ್ 220. ಹಳ್ಳಿಯ ಹಂಪಿಗೆ ಮೂರೂ ಸಾಕು.

ಹುಲ್ಲಿನ ಮೆದೆಯ ಪಕ್ಕ ಕಾರು ನಿಲ್ಲಿಸುವ ಮನೆಗಳಿಗೆ ಇಲಿಯೂ ಒಂದು ದೊಡ್ಡ ತೊಂದರೆ. ರಾತ್ರಿ ಬಾನೆಟ್ಟಿನ ಒಳಗೆ ಬೆಚ್ಚಗೆ ಸೇರಿಕೊಂಡು ವೈರು ಕಡಿದುಹಾಕುತ್ತದೆ. ಹಳೆಯ ಕ್ವಾಲಿಸಿನಲ್ಲಿ ಕಡಿಯಲು ಹೆಚ್ಚು ವೈರೇ ಇರಲಿಲ್ಲ. ಈಗಿನ ಗಾಡಿಯಲ್ಲಿ ಸೆನ್ಸರುಗಳ ಜಾಲವೇ ಇದೆ. ಒಂದು ವೈರು ಹೋದರೂ ಮೀಟರಿನಲ್ಲಿ ದೀಪ ಹತ್ತುತ್ತದೆ, ಗಾಡಿಯನ್ನು ಕಂಪ್ಯೂಟರಿಗೆ ಜೋಡಿಸದೆ ದೋಷ ಗೊತ್ತಾಗುವುದಿಲ್ಲ. ಆ ಕಂಪ್ಯೂಟರು ಮಂಡ್ಯದಲ್ಲೇ ಇದೆಯೋ, ಮೈಸೂರಿಗೆ ಎಳೆದೊಯ್ಯಬೇಕೋ ಎಂಬುದರ ಮೇಲೆ ಆ ವಾರದ ನೆಮ್ಮದಿ ನಿಂತಿರುತ್ತದೆ.

ಹಾಗಾಗಿ ಕಂಪನಿ ಉಳಿಯುತ್ತದೆಯೇ ಎಂಬ ಪ್ರಶ್ನೆ. ಷೆವರ್ಲೆ ಮಾರುತ್ತಿದ್ದ ಜನರಲ್ ಮೋಟಾರ್ಸ್ 2017ರಲ್ಲಿ ಭಾರತದ ಮಾರಾಟವನ್ನು ನಿಲ್ಲಿಸಿತು. ಹಳ್ಳಿಗಾಡಿನಲ್ಲಿ ಷೆವರ್ಲೆಯ ಟವೇರಾ ಓಡಿಸುತ್ತಿದ್ದ ಎಷ್ಟೋ ಜನ ಅದರ ಬಿಸಿ ಅನುಭವಿಸಿದರು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ಬಿಡುವುದಾಗಿ ಪ್ರಕಟಿಸಿತು. ಅದರ ಎಕೋಸ್ಪೋರ್ಟ್, ಎಂಡೆವರ್ ಒಳ್ಳೆಯ ಗಾಡಿಗಳೇ. ಹೊರಟುಹೋದ ಕಂಪನಿಗಳೂ ಸರ್ವಿಸ್, ಸ್ಪೇರು ಕೊಡುವ ಮಾತು ಕೊಟ್ಟೇ ಹೋದವು. ಆದರೆ ಡೀಲರುಗಳು ಒಬ್ಬೊಬ್ಬರಾಗಿ ಬಾಗಿಲು ಹಾಕಿದಾಗ ತೊಂದರೆ ಮೊದಲು ತಟ್ಟುವುದು ಮಂಡ್ಯದಂಥ ಜಿಲ್ಲಾ ಕೇಂದ್ರಗಳಿಗೆ, ಬೆಂಗಳೂರಿಗಲ್ಲ. ಹಳೆಯ ಗಾಡಿ ಮಾರಹೋದಾಗ ಬೆಲೆಯೂ ಅಲ್ಲಿಯೇ ಬೀಳುತ್ತದೆ. ಈ ಸೀಮೆಯ ಯಾವ ಮೇಸ್ತ್ರಿಯನ್ನು ಕೇಳಿದರೂ ಮಾತು ಹೀಗೇ ಶುರುವಾಗುತ್ತದೆ: “ಗಾಡಿ ಏನೋ ಚೆಂದಾಗದೆ ಕಣಣ್ಣ, ಸ್ಪೇರು ಎಲ್ ಸಿಕ್ತದೆ?”

ಉಳಿದಿರುವ ಕಂಪನಿ ತಪ್ಪನ್ನೇ ಮಾಡುವುದಿಲ್ಲ ಎಂದಲ್ಲ. 2023ರ ಜನವರಿಯಲ್ಲಿ ಮಾರುತಿ, ಏರ್‌ಬ್ಯಾಗ್ ನಿಯಂತ್ರಕದ ಪರೀಕ್ಷೆಗೆಂದು ಗ್ರ್ಯಾಂಡ್ ವಿಟಾರಾ ಸೇರಿದಂತೆ 17,362 ಕಾರುಗಳನ್ನು ಹಿಂದಕ್ಕೆ ಕರೆಸಿತು. 2024ರ ಜನವರಿ ಕೊನೆಯಲ್ಲಿ ಡೀಸೆಲ್ ಎಂಜಿನ್‌ಗಳ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಅಕ್ರಮ ಕಂಡುಬಂದಿತೆಂದು ಟೊಯೊಟಾ, ಇನ್ನೋವಾ ಕ್ರಿಸ್ಟಾ ಮತ್ತು ಫಾರ್ಚುನರ್ ಗಾಡಿಗಳ ರವಾನೆಯನ್ನು ಕೆಲವು ದಿನ ತಡೆಹಿಡಿದಿತ್ತು. ದೋಷ ಕಂಡಾಗ ಬಹಿರಂಗವಾಗಿ ಹೇಳಿ ಪುಕ್ಕಟೆ ಸರಿಮಾಡಿಕೊಡುವ ಕಂಪನಿಯನ್ನು ನಂಬಬಹುದು.

ಇನ್ನು ಇಂಧನ. ಮಂಡ್ಯದವರು ತಪ್ಪು ಲೆಕ್ಕ ಹಾಕುವುದು ಹೆಚ್ಚಾಗಿ ಇಲ್ಲಿಯೇ. ‘ದೊಡ್ಡ ಗಾಡಿ ಅಂದ್ರೆ ಡೀಸೆಲ್ಲು’ ಎಂಬುದು ಕ್ವಾಲಿಸ್, ಸುಮೊ ಕಾಲದ ನಂಬಿಕೆ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು ಸೇರಿಕೊಂಡಿದೆ. ಡಿಪಿಎಫ್ ಎನ್ನುತ್ತಾರೆ. ಕೂಡಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕಾದರೆ ಗಾಡಿ ಆಗಾಗ ಒಂದಷ್ಟು ಹೊತ್ತು ಒಂದೇ ಸಮ ವೇಗದಲ್ಲಿ ಓಡಬೇಕು. ವಾರಕ್ಕೊಮ್ಮೆ ದಶಪಥ ಹತ್ತುವ ಗಾಡಿಗೆ ಇದು ತೊಂದರೆಯೇ ಅಲ್ಲ. ಮಳವಳ್ಳಿ ಪೇಟೆಯಿಂದ ತೋಟಕ್ಕೆ, ತೋಟದಿಂದ ಮಕ್ಕಳ ಶಾಲೆಗೆ, ದಿನಕ್ಕೆ ಹತ್ತು ಕಿಲೋಮೀಟರ್ ಓಡುವ ಗಾಡಿಗೆ ಆ ಫಿಲ್ಟರು ಕಟ್ಟಿಕೊಳ್ಳುತ್ತದೆ, ಬದಲಿಸಲು ಹೋದರೆ ದೊಡ್ಡ ಮೊತ್ತ. ಅಂಥ ಮನೆಗೆ ಪೆಟ್ರೋಲೇ ಸರಿ.

ಪೆಟ್ರೋಲಿನ ಕಥೆಯಲ್ಲಿ ಮಂಡ್ಯದ ಕಬ್ಬಿಗೂ ಪಾಲಿದೆ. ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ 2025ಕ್ಕೆ ಹಿಂದಕ್ಕೆಳೆದು ಮುಟ್ಟಿತು. ಆ ಎಥೆನಾಲಿನ ಒಂದು ಭಾಗ ಕಬ್ಬಿನದು. ಬೆಳೆಗಾರನಿಗೆ ಅದು ಒಳ್ಳೆಯದೇ. ಗಾಡಿಯ ಯಜಮಾನನಾಗಿ ಅವನೇ ಗಮನಿಸಬೇಕಾದ ಸಂಗತಿ ಬೇರೆ. ಇ20 ಎನ್ನುವ ಈ ಮಿಶ್ರಣಕ್ಕೆ ಒಗ್ಗುವ ಎಂಜಿನ್‌ಗಳು ಬಂದದ್ದು 2023ರ ಏಪ್ರಿಲ್ ಸುಮಾರಿಗೆ. ಅದಕ್ಕೂ ಹಿಂದಿನ ಗಾಡಿಯಲ್ಲಿ ರಬ್ಬರು ಪೈಪು, ಸೀಲುಗಳು ಬೇಗ ಸವೆಯಬಹುದು. ಹಳೆಯ ಪೆಟ್ರೋಲ್ ಕಾರುಗಳ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹುಡುಕುವವರು ಅದಕ್ಕಾಗಿಯೇ ತಯಾರಾದ ತಿಂಗಳು, ವರ್ಷವನ್ನು ಆರ್‌ಸಿಯಲ್ಲಿ ನೋಡಬೇಕು. ಟೈರಿನ ವಯಸ್ಸನ್ನೂ ನೋಡಬೇಕು. ಅದರ ಪಕ್ಕೆಯಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಮೇಲಿನ ಗೆರೆಗಳು ಎಷ್ಟೇ ಆಳವಿರಲಿ, ಅಂಥದ್ದನ್ನು ಹಾಕಿಕೊಂಡು ದಶಪಥ ಹತ್ತಬಾರದು.

ಹೈಬ್ರಿಡ್ ಮೂರನೆಯ ದಾರಿ. ಬಿಡದಿಯ ಕಾರ್ಖಾನೆಯಲ್ಲಿ 2022ರಿಂದ ಟೊಯೊಟಾ ಹೈರೈಡರ್ ಮತ್ತು ಅದರ ಜೋಡಿ ಗ್ರ್ಯಾಂಡ್ ವಿಟಾರಾ ಎರಡೂ ತಯಾರಾದವು. ಮದ್ದೂರಿನಿಂದ ಆ ಕಾರ್ಖಾನೆ ಒಂದು ಗಂಟೆಯ ದಾರಿಯೂ ಅಲ್ಲ. ಇವುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಲೀಟರಿಗೆ 27.97 ಕಿಲೋಮೀಟರ್ ಎಂಬ ಪ್ರಮಾಣಿತ ಮೈಲೇಜಿದೆ. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ. ಹದಿನೈದು ವರ್ಷದ ಲೆಕ್ಕದಲ್ಲಿ ಉಳಿದ ಏಳು ವರ್ಷ ಆ ಬ್ಯಾಟರಿಯ ಹೊಣೆ ಮನೆಯವರದ್ದೇ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಉಳಿದ ಪೆಟ್ರೋಲು ಆ ಖರ್ಚನ್ನು ತೂಗಿಸಬಹುದು. ಆರುನೂರು ಓಡಿಸುವವರು ಅದಕ್ಕೆ ಹೆಚ್ಚಿನ ಬೆಲೆ ಕೊಡುವ ಅಗತ್ಯವಿಲ್ಲ.

ಸುರಕ್ಷತೆಯ ಮಾತಿಗೆ ಮಂಡ್ಯದವರು ಕಿವಿಗೊಡಲೇಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ವಿ.ಸಿ. ನಾಲೆಗೆ ಬಸ್ಸು ಬಿದ್ದು 30 ಜನ ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ನಾಲೆಯ ಏರಿಯ ಮೇಲಿನ ಎಷ್ಟೋ ರಸ್ತೆಗಳಿಗೆ ಬೇಕಾದದ್ದು ತಡೆಗೋಡೆ. ಅದನ್ನು ಕಟ್ಟುವುದು ಸರ್ಕಾರದ ಕೆಲಸ, ಯಾವ ಕಾರೂ ಅದಕ್ಕೆ ಬದಲಿಯಾಗದು. ಗಾಡಿಯ ಪಾಲಿನದ್ದನ್ನಾದರೂ ನೋಡಿ ಕೊಳ್ಳಬಹುದು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಡಿಕ್ಕಿ ಪರೀಕ್ಷೆ ಇದೆ. ಟಾಟಾ ಹ್ಯಾರಿಯರ್, ಸಫಾರಿ ಅದರಲ್ಲಿ ಮೊದಲಿಗೆ ಐದು ನಕ್ಷತ್ರ ಪಡೆದವು. ಮಹೀಂದ್ರಾ ಸ್ಕಾರ್ಪಿಯೊ–ಎನ್ 2022ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರ ಪಡೆಯಿತು. ಎರಡನೆಯ ಅಂಕಿಯನ್ನು ಕೇಳುವವರು ಕಡಿಮೆ. ಮಕ್ಕಳಿರುವ ಮನೆಯವರು ಕೇಳಬೇಕು, ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನೂ ಬಿಡಬೇಕು.

ಇಷ್ಟೆಲ್ಲ ಅಳೆದು ಹೇಳುವುದಾದರೆ, ಮಳವಳ್ಳಿ ಅಥವಾ ಮದ್ದೂರಿನ ಐದಾರು ಜನರ ಮನೆಗೆ 1.5 ಲೀಟರಿನ, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನ ಮ್ಯಾನುವಲ್ ಗಾಡಿ ಎಲ್ಲಕ್ಕಿಂತ ಕಡಿಮೆ ತಲೆನೋವಿನದು. ಕ್ರೆಟಾ, ಗ್ರ್ಯಾಂಡ್ ವಿಟಾರಾ, ಹೈರೈಡರ್, ಎಲಿವೇಟ್ ನಾಲ್ಕರಲ್ಲೂ ಅದು ಸಿಗುತ್ತದೆ. ಕ್ಲಚ್ ಒತ್ತಲು ಮಂಡಿ ಸಹಕರಿಸದವರು ಆಟೊಮ್ಯಾಟಿಕ್ ಕೊಳ್ಳಲಿ, ಆದರೆ ಕಬ್ಬಿನ ಗಾಡಿಗಳ ಹಿಂದೆ ತೆವಳುವ ದಾರಿಯಲ್ಲಿ ಬೇಗ ಕಾಯುವ ಡ್ರೈ ಡ್ಯುಯಲ್ ಕ್ಲಚ್ ಮಾದರಿ ಬೇಡ. ಏಳು ಜನ, ಹೊಲದ ದಾರಿ, ಜೊತೆಗೆ ವಾರವಾರ ದಶಪಥ ಎಂದರೆ ಸ್ಕಾರ್ಪಿಯೊ–ಎನ್ ಡೀಸೆಲ್ ಸರಿಯಾದ ಆಯ್ಕೆ. ಹೆಚ್ಚಿನ ಬೆಲೆಯ ಮಾಡೆಲ್ಲಿಗೆ ಸುರಿಯುವ ಎರಡು ಲಕ್ಷದಲ್ಲಿ ವಿಸ್ತರಿತ ವಾರಂಟಿ ಕೊಂಡು, ಒಂದಿಷ್ಟನ್ನು ಮುಂದಿನ ಟೈರು, ಬ್ಯಾಟರಿ, ಕ್ಲಚ್ ಪ್ಲೇಟಿಗೆಂದು ಬ್ಯಾಂಕಿನಲ್ಲಿಟ್ಟರೆ ಗಾಡಿ ಹದಿನೈದು ವರ್ಷ ತಲುಪುತ್ತದೆ.

ವಿಮೆಯ ವಿಷಯದಲ್ಲಿ ಒಂದು ಸೂಚನೆ. ದಶಪಥ ಉದ್ಘಾಟನೆಯಾದ ಒಂದೇ ವಾರದಲ್ಲಿ, ಮಾರ್ಚ್ ಮಳೆಗೆ ರಾಮನಗರದ ಬಳಿ ನೀರು ನಿಂತು ಕಾರುಗಳು ಅದರಲ್ಲಿ ಸಿಕ್ಕಿಕೊಂಡವು. ಎಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯ ವಿಮೆ ಸಾಲುವುದಿಲ್ಲ. ಎಂಜಿನ್ ರಕ್ಷಣೆಯ ಆಡ್‌ಆನ್ ಬೇಕು. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲೂಬಾರದು.

ಬುಕಿಂಗ್ ಹಣ ಕಟ್ಟುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಮಂಡ್ಯದ ಸರ್ವಿಸ್ ಸೆಂಟರಿಗೂ ನಿಮ್ಮ ಊರಿನ ಗ್ಯಾರೇಜಿಗೂ ಹೋಗಿ. ಬ್ರೇಕ್ ಪ್ಯಾಡ್, ಕ್ಲಚ್ ಸೆಟ್, ಶಾಕ್ ಅಬ್ಸಾರ್ಬರ್ ಮೂರರ ಬೆಲೆಯನ್ನೂ, ಅವು ಎಷ್ಟು ದಿನಕ್ಕೆ ಬರುತ್ತವೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಅದೇ ಗಾಡಿಯನ್ನು ಐದು ವರ್ಷ ಓಡಿಸಿದವರನ್ನು ಹುಡುಕಿ ಮಾತಾಡಿಸಿ. ಎರಡೂ ಕಡೆ ತೃಪ್ತಿಯಾಗುವ ಉತ್ತರ ಸಿಕ್ಕರೆ ಮಾತ್ರ ಮುಂಗಡ ಕೊಡಿ.