ಅನ್ನದ ಗುಡ್ಡದ ಮೇಲೊಂದು ಬಾವುಟ

ಟೋಕಿಯೋ ನಗರದ ಪೂರ್ವ ಭಾಗದಲ್ಲಿ, ಎದೊಗಾವಾ ವಾರ್ಡಿಗೆ ಸೇರಿದ ನಿಶಿಕಸಾಯಿ ಎಂಬ ಬಡಾವಣೆಯಿದೆ. ತೋಜಾಯಿ ಮೆಟ್ರೊ ಮಾರ್ಗದ ಈ ನಿಲ್ದಾಣದಲ್ಲಿ ಭಾನುವಾರ ಇಳಿದವರಿಗೆ ಹಿಂದಿ, ತಮಿಳು, ತೆಲುಗಿನ ಜೊತೆಗೆ ಕನ್ನಡವೂ ಕಿವಿಗೆ ಬಿದ್ದರೆ ಆಶ್ಚರ್ಯವಿಲ್ಲ. 2000ನೇ ಇಸವಿಗೆ ಕಾಲಿಡುವ ಹೊತ್ತಿನಲ್ಲಿ ಕಂಪ್ಯೂಟರುಗಳ ತಾರೀಖಿನ ತೊಡಕು ಬಿಡಿಸಲು ಬಂದ ಭಾರತದ ಎಂಜಿನಿಯರುಗಳು ಇಲ್ಲಿ ಬಿಡಾರ ಹೂಡಿದರು. ಆ ಕೆಲಸ ಮುಗಿಯಿತು, ಜನ ಉಳಿದರು. ಹೆಂಡತಿ ಮಕ್ಕಳು ಬಂದರು. ಅವರ ಹಿಂದೆಯೇ ತೊಗರಿಬೇಳೆ, ಹುಣಿಸೆಹಣ್ಣು ಮಾರುವ ಅಂಗಡಿಗಳೂ ಬಂದವು.

ಆದ್ದರಿಂದ ಮನೆಯೊಳಗೆ ಅನ್ನ ಸಾರಿಗೆ ಕೊರತೆಯಿಲ್ಲ. ಕಷ್ಟ ಇರುವುದು ಹೊಸ್ತಿಲಾಚೆ. ಬೆಂಗಳೂರಿನಿಂದ ಬಂದ ಒಂದು ಕುಟುಂಬವನ್ನೇ ನೋಡಿ: ಗಂಡ, ಹೆಂಡತಿ, ಐದು ವರ್ಷದ ಮಗಳು, ಎರಡು ವರ್ಷದ ಮಗ. ಸಸ್ಯಾಹಾರಿಗಳು. ಬೆಂಗಳೂರಿನಲ್ಲಾಗಿದ್ದರೆ ಯಾವುದಾದರೂ ದರ್ಶಿನಿಗೆ ನುಗ್ಗಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಇಡ್ಲಿ ಮುರಿದು ಬಾಯಿಗಿಟ್ಟು, ಬೈಟು ಕಾಫಿ ಕುಡಿದು ಹೊರಟರೆ ಆಯಿತು. ಇಲ್ಲಿ ಹೋಟೆಲಿನ ಬಾಗಿಲಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಕಾರಣ, ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆ. ಒಳಗೆ ಸಿಗುವ ತಿಂಡಿಗಳೆಲ್ಲ ಅದರಲ್ಲಿ ಸಾಲಾಗಿ ಕುಳಿತಿರುತ್ತವೆ. ಆಮ್ಲೆಟ್ಟಿನ ಮೇಲೆ ಹರಿದ ಸಾಸ್, ಬಟ್ಟಲಿನಿಂದ ಎತ್ತಿ ಹಿಡಿದ ನೂಡಲ್ಸಿನ ಎಳೆ, ಗಾಜಿನ ಲೋಟದ ಐಸ್‌ಕ್ರೀಮ್, ಎಲ್ಲವೂ ನಕಲಿ! ಗಿಫು ಪ್ರಾಂತದ ಗುಜೊ ಹಚಿಮಾನ್ ಎಂಬ ಊರಿನ ಇವಾಸಾಕಿ ತಾಕಿಜೊ ಎಂಬಾತ 1932ರಲ್ಲಿ ಒಸಾಕಾದಲ್ಲಿ ಮೇಣದ ತಿಂಡಿಗಳ ವ್ಯಾಪಾರ ಆರಂಭಿಸಿದ. ಈಗ ಮೇಣದ ಬದಲು ಪ್ಲಾಸ್ಟಿಕ್ ಬಂದಿದೆ. ಓದು ಬಾರದ ಮಕ್ಕಳಿಗೂ ಜಪಾನೀ ಲಿಪಿ ಬಾರದ ಪರದೇಶಿಗಳಿಗೂ ಈ ಪೆಟ್ಟಿಗೆಯೇ ಮೆನು. ಬೆರಳು ತೋರಿಸಿದರೆ ಸಾಕು.

ಮಗಳ ಬೆರಳು ನೇರ ಒಂದು ತಟ್ಟೆಯ ಕಡೆ ಹೋಗುತ್ತದೆ. ಅನ್ನದ ಪುಟ್ಟ ಗುಡ್ಡ, ಅದರ ತುದಿಯಲ್ಲಿ ಕಾಗದದ ಬಾವುಟ. ಇದರ ಹೆಸರು ‘ಒಕೊಸಾಮಾ ಲಂಚ್’, ಅಂದರೆ ಮಕ್ಕಳ ಊಟ. 1930ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಟೋಕಿಯೋದ ನಿಹೊಂಬಾಶಿಯ ಮಿತ್ಸುಕೋಶಿ ಮಳಿಗೆಯ ಊಟದ ಮನೆಯಲ್ಲಿ ಇದು ಮೊದಲು ಬಡಿಸಲ್ಪಟ್ಟಿತು. ಇಂದಿಗೂ ಜಪಾನಿನ ಮಕ್ಕಳಿಗೆ ಹೊರಗಿನ ಊಟವೆಂದರೆ ಈ ಬಾವುಟವೇ.

1970ರ ನಂತರ ಊರೂರಿಗೂ ಹಬ್ಬಿದ ‘ಫ್ಯಾಮಿಲಿ ರೆಸ್ಟೊರೆಂಟು’ಗಳಲ್ಲಿ ಮಕ್ಕಳಿಗೆ ಸಿಗುವ ಉಪಚಾರ ದೊಡ್ಡದು. ಕುಳಿತ ಕೂಡಲೇ ಒದ್ದೆ ಟವೆಲು, ಎತ್ತರದ ಕುರ್ಚಿ, ಚೆಲ್ಲಿದರೂ ಒಡೆಯದ ಬಟ್ಟಲು. ಮೇಜಿನ ಮೇಲಿನ ಗುಂಡಿ ಒತ್ತಿದರೆ ಮಾಣಿ ಹಾಜರು. ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಹಿಂದೆ ಪಕ್ಕದ ಮೇಜಿನಿಂದ ಸಿಗರೇಟಿನ ಹೊಗೆ ಬರುತ್ತಿತ್ತು. 2020ರ ಏಪ್ರಿಲ್‌ನಿಂದ ಜಾರಿಯಾದ ಕಾಯಿದೆಯಿಂದ ಆ ಕಾಟವೂ ಬಹುಮಟ್ಟಿಗೆ ತಪ್ಪಿದೆ.

ಸುಶಿ ಅಂಗಡಿಯಂತೂ ಮಕ್ಕಳಿಗೆ ಜಾತ್ರೆ. ಶಿರಾಯಿಶಿ ಯೋಶಿಆಕಿ ಎಂಬ ಸಣ್ಣ ಅಂಗಡಿಕಾರ, ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡು, 1958ರಲ್ಲಿ ಒಸಾಕಾದ ಪಕ್ಕದಲ್ಲಿ ತಟ್ಟೆಗಳನ್ನೇ ಮೆರವಣಿಗೆ ಹೊರಡಿಸಿದ. ಅವನು ಗೊತ್ತುಮಾಡಿದ ವೇಗ ಸೆಕೆಂಡಿಗೆ 8 ಸೆಂಟಿಮೀಟರ್, ಎಂದರೆ ನಿಮಿಷಕ್ಕೆ ಐದು ಮೀಟರಿಗೂ ಕೊಂಚ ಕಡಿಮೆ. ಇದಕ್ಕಿಂತ ಜೋರಾದರೆ ತಟ್ಟೆ ಎತ್ತಿಕೊಳ್ಳುವುದು ಕಷ್ಟ, ನಿಧಾನವಾದರೆ ಗಿರಾಕಿಗೆ ಬೇಸರ. 2023ರ ಜನವರಿಯಲ್ಲಿ ತರುಣನೊಬ್ಬ ಮೇಜಿನ ಮೇಲಿನ ಸಾಸ್ ಬಾಟಲಿ ನೆಕ್ಕಿದ ವಿಡಿಯೊ ಹರಡಿದ ಮೇಲೆ, ಕೆಲವು ಅಂಗಡಿಗಳು ಕೇಳಿದ ತಟ್ಟೆಯನ್ನು ಮಾತ್ರ ಕಳುಹಿಸುತ್ತವೆ. ಸಸ್ಯಾಹಾರಿಗಳಿಗೆ ಇಲ್ಲಿ ಸೌತೆಕಾಯಿ ಸುತ್ತಿದ ಸುಶಿ ಉಂಟು. ಹುರಿದ ತೋಫು ಚೀಲದಲ್ಲಿ ಅನ್ನ ತುಂಬಿದ ‘ಇನಾರಿ’ಯೂ ಹಾಗೆಯೇ ಎಂದು ತಾಯಿ ನಂಬಿದ್ದಳು. ಆಮೇಲೆ ತಿಳಿಯಿತು, ಆ ತೋಫುವನ್ನು ಬೇಯಿಸುವುದು ಸಾಮಾನ್ಯವಾಗಿ ‘ದಾಶಿ’ಯಲ್ಲಿ.

ದಾಶಿ ಎಂದರೆ ಜಪಾನೀ ಅಡುಗೆಯ ಮೂಲ ಕಟ್ಟು. ಸಾಮಾನ್ಯವಾಗಿ ಕೊಂಬು ಎಂಬ ಕಡಲಕಳೆ ಮತ್ತು ಒಣಗಿಸಿ ಹೆರೆದ ಮೀನು, ಎರಡನ್ನೂ ನೀರಿಗೆ ಹಾಕಿ ಸಾರ ತೆಗೆಯುತ್ತಾರೆ. 1908ರಲ್ಲಿ ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞ ಈ ಕೊಂಬುವಿನಿಂದ ಗ್ಲುಟಾಮೇಟನ್ನು ಬೇರ್ಪಡಿಸಿ, ಅದರ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟ. ಉದೊನ್ ನೂಡಲ್ಸಿನ ಸಾರಿನಲ್ಲಿ, ಬೇಯಿಸಿದ ಕುಂಬಳಕಾಯಿಯಲ್ಲಿ, ತೆಂಪುರಾ ಅದ್ದಿಕೊಳ್ಳುವ ರಸದಲ್ಲಿ, ಎಲ್ಲೆಲ್ಲೂ ದಾಶಿಯೇ. ‘ಮೀನು ಇದೆಯೇ?’ ಎಂದು ಕೇಳಿದರೆ ಮಾಣಿ ‘ಇಲ್ಲ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ಲೆಕ್ಕದಲ್ಲಿ ಮೀನೆಂದರೆ ತಟ್ಟೆಯಲ್ಲಿ ಕಾಣುವ ತುಂಡು. ಸಾರದಲ್ಲಿ ಕರಗಿದ್ದು ಮೀನಲ್ಲ.

ಮನೆಯಲ್ಲಿ ಇದೇ ವಾದ. ‘ಕಾಣದೆ ಇದ್ದದ್ದಕ್ಕೆ ಎಷ್ಟೂಂತ ಹೆದರೋದು? ಮಗು ನಾಲ್ಕು ಜನರ ಜೊತೆ ಬೆಳೀಬೇಕು’ ಎನ್ನುತ್ತಾನೆ ಗಂಡ. ‘ನಾಳೆ ಅತ್ತೆ ಫೋನಿನಲ್ಲಿ ಕೇಳಿದರೆ ಏನು ಹೇಳಲಿ?’ ಎನ್ನುತ್ತಾಳೆ ಹೆಂಡತಿ. ಇಬ್ಬರದ್ದೂ ನಿಜವೇ. ನೆರೆಯ ಇನ್ನೊಂದು ಮನೆಯ ಮಗುವಿಗೆ ಕಡಲೆಕಾಯಿ ಒಗ್ಗದು. ಅವರ ಭಯ ಇದಕ್ಕಿಂತ ದೊಡ್ಡದು. ಪೊಟ್ಟಣದ ತಿಂಡಿಗಳ ಮೇಲೆ ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಸೋಬಾ ಮುಂತಾದವನ್ನು ನಮೂದಿಸುವುದು ಜಪಾನಿನಲ್ಲಿ ಕಡ್ಡಾಯ. 2023ರಲ್ಲಿ ಅಕ್ರೋಟೂ ಸೇರಿ ಆ ಪಟ್ಟಿ 8ಕ್ಕೇರಿತು. ಹೋಟೆಲುಗಳಿಗೆ ಈ ಕಡ್ಡಾಯ ಇಲ್ಲವಾದರೂ ದೊಡ್ಡ ಸರಣಿಯವರು ಕೇಳಿದರೆ ಪಟ್ಟಿ ತಂದು ತೋರಿಸುತ್ತಾರೆ.

ಈ ಮನೆಯ ವಾದ ಬಗೆಹರಿಸಿದ್ದು ಮಗಳು. ಶಿಶುವಿಹಾರದಲ್ಲಿ ಒಂದೇ ವರ್ಷಕ್ಕೆ ಅಪ್ಪ ಅಮ್ಮನಿಗಿಂತ ಚೆನ್ನಾಗಿ ಜಪಾನೀ ಮಾತು ಕಲಿತಿದ್ದಳು. ಒಂದು ಭಾನುವಾರ ತಾನೇ ಗುಂಡಿ ಒತ್ತಿ, ಬಂದ ಮಾಣಿಯನ್ನು ಕೇಳಿದಳು: ಇದರಲ್ಲಿ ದಾಶಿ ಇದೆಯಾ? ಅನ್ನದಲ್ಲಿ ಕೋಳಿ ಇದೆಯಾ? ಆತ ಮೊಣಕಾಲೂರಿ ಕುಳಿತು, ಅವಳ ಮುಖದ ಮಟ್ಟಕ್ಕೆ ಬಂದು ಕೇಳಿಸಿಕೊಂಡ. ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ಎರಡೂ ಇವೆ ಎಂದು ತಲೆಬಾಗಿ ಕ್ಷಮೆ ಕೇಳಿದ. ಹತ್ತು ನಿಮಿಷದ ಮೇಲೆ ತಟ್ಟೆ ಬಂತು. ಬರಿಯ ಬಿಳಿ ಅನ್ನ, ಬೇಯಿಸಿದ ಜೋಳದ ಕಾಳು, ಕರಿದ ಆಲೂಗಡ್ಡೆ. ಗುಡ್ಡದ ತುದಿಯಲ್ಲಿ ಬಾವುಟ ಮಾತ್ರ ತಪ್ಪಿರಲಿಲ್ಲ.

ಅಂದು ರಾತ್ರಿ 9ಕ್ಕೆ, ಹಾಸನದಲ್ಲಿ ಇನ್ನೂ ಸಂಜೆ 5.30, ಅಜ್ಜಿ ಎಂದಿನಂತೆ ಫೋನಿನಲ್ಲಿ ಕೇಳಿದರು: ‘ಊಟ ಆಯ್ತೇನೇ ಪುಟ್ಟಿ? ಏನು ತಿಂದೆ?’

‘ಹೋಟ್ಲಲ್ಲಿ ಅನ್ನ ತಿಂದೆ ಅಜ್ಜಿ. ಅದ್ರ ಮೇಲೆ ಬಾವುಟ ಇತ್ತು!’

ತಾಯಿ ಏನೂ ಹೇಳಬೇಕಾಗಲಿಲ್ಲ. ಆ ಕಾಗದದ ಬಾವುಟ ಈಗಲೂ ಅವರ ಮನೆಯ ತುಳಸಿಯ ಕುಂಡದಲ್ಲಿ ನೆಟ್ಟಿದೆ.