ಮುಂದಿನ ಪುಸ್ತಕ ಯಾವುದು?

ಮಕ್ಕಳೇ (ಇಪ್ಪತ್ತೈದು ದಾಟಿದವರನ್ನೂ ಹೀಗೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ), ನಮ್ಮ ಕೋಯಂಬೇಡಿನ ಓದುಕೂಟದಲ್ಲಿ ಹೋದ ತಿಂಗಳು ಒಂದು ಸಣ್ಣ ಜಗಳವಾಯಿತು. ಮುಂದಿನ ಪುಸ್ತಕ ಯಾವುದಿರಬೇಕು ಎನ್ನುವುದೇ ಜಗಳದ ಮೂಲ.

ಕೂಟವೆಂದರೆ ದೊಡ್ಡದೇನಲ್ಲ. ನಾಲ್ಕು ಜನ ಹಿರಿಯರು, ಐದು ಜನ ನಿಮ್ಮಂಥವರು. ತಿಂಗಳಿಗೊಂದು ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಕಾಫಿ, ಕೋಡುಬಳೆ ಇದ್ದೇ ಇರುತ್ತದೆ. ಐದು ಮಕ್ಕಳೂ ಕನ್ನಡ ಮಾತನಾಡುತ್ತಾರೆ, ನಡುನಡುವೆ ತಮಿಳು ಸೇರಿಸಿಕೊಂಡು. ಓದಲು ಮಾತ್ರ ಒಬ್ಬರಿಗೂ ಬಾರದು.

ಇದು ಗೊತ್ತಿದ್ದೂ ಕಳೆದ ಬಾರಿ ನಾನು ಹಟ ಹಿಡಿದು 'ಫಣಿಯಮ್ಮ'ನನ್ನು ಆರಿಸಿದ್ದೆ. ಎಂ.ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ಕಾದಂಬರಿ. ಬಾಲ್ಯದಲ್ಲೇ ವಿಧವೆಯಾಗಿ ನೂರು ದಾಟಿ ಬದುಕಿದ ಮಲೆನಾಡಿನ ಹೆಣ್ಣಿನ ಕಥೆ. ಇಂದಿರಾ ಅವರ ಮೊದಲ ಕಾದಂಬರಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ನನ್ನಂಥ ಗೃಹಿಣಿಯರಿಗೆ ಅದೊಂದು ಸಮಾಧಾನ! ಸರಿ, ಎರಡು ಗಂಟೆ ಹೊತ್ತು ನಾನೇ ಗಟ್ಟಿಯಾಗಿ ಓದಿದೆ. ಒಬ್ಬ ಹುಡುಗ "ಆಂಟಿ, ಮಡಿ ಅಂದ್ರೆ ಏನು?" ಎಂದು ಕೇಳಿದ. ನಾನು ವಿವರಿಸಿ ಮುಗಿಸುವಷ್ಟರಲ್ಲಿ ಅವನ ಕಣ್ಣು ಮೊಬೈಲಿನ ಮೇಲಿತ್ತು. ಮುಂದಿನ ತಿಂಗಳು ಬಂದ ಮಕ್ಕಳು ಇಬ್ಬರೇ. ತಪ್ಪು ಪುಸ್ತಕದ್ದಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಆದ್ದರಿಂದ ಈ ಸಲ ಎಲ್ಲರನ್ನೂ ಕರೆದು ಕೇಳಿದೆವು. ರೈಲ್ವೆಯಿಂದ ನಿವೃತ್ತರಾದ ರಾಯರು ಮಾಸ್ತಿಯವರ ಸಣ್ಣಕಥೆಗಳಾಗಲಿ ಎಂದರು. ಆ ಹುಡುಗನೇ "ಹಾರ್ಟ್ ಲ್ಯಾಂಪ್" ಎಂದ. ಬಾನು ಮುಷ್ತಾಕ್ ಅವರ ಹನ್ನೆರಡು ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಪುಸ್ತಕ. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ನಿಮಗೆಲ್ಲ ಗೊತ್ತೇ ಇದೆ. ನನಗೆ ರೇಗಿತು. "ಕನ್ನಡದ ಕಥೆಯನ್ನು ಇಂಗ್ಲಿಷಿನಲ್ಲಿ ಓದೋದಕ್ಕೆ ಕನ್ನಡ ಕೂಟ ಯಾಕೆ ಬೇಕು?" ಎಂದುಬಿಟ್ಟೆ.

ಎಲ್ಲರೂ ಸುಮ್ಮನಾದರು. ಕಾಫಿ ಲೋಟ ಎತ್ತುತ್ತಿದ್ದ ನನ್ನ ಮಗಳು ನಿಂತಲ್ಲೇ ಹೇಳಿದಳು: "ಅಮ್ಮಾ, ನನಗೆ ವರ್ಡ್ಸ್‌ವರ್ತ್ ಬಾಯಿಪಾಠ ಮಾಡಿಸಿದೆ. ಅ ಆ ಇ ಈ ಯಾಕೆ ಹೇಳಿಕೊಡಲಿಲ್ಲ?"

ಉತ್ತರ ಇರಲಿಲ್ಲ. ಮೈಸೂರಿನಲ್ಲಿ ಬಿ.ಎ. ಓದುವಾಗ ಇಂಗ್ಲಿಷ್ ಸಾಹಿತ್ಯವೇ ನನ್ನ ವಿಷಯ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, 1996ರಲ್ಲಿ, ನಮ್ಮ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ದೊಡ್ಡ ಮಾರುಕಟ್ಟೆ ತೆರೆಯಿತು. ಬೆಳಗಿನ ಜಾವ ಕೋಲಾರದ ಕಡೆಯಿಂದ ಟೊಮೆಟೊ ಹೊತ್ತ ಲಾರಿಗಳು ಬರುತ್ತಿದ್ದವು. ತರಕಾರಿಗೆ ಹೋದಾಗ ಮಗಳು ಲಾರಿಯ ಹಿಂದಿನ ಕನ್ನಡ ಬರಹ ತೋರಿಸಿ "ಅಮ್ಮಾ, ಜಿಲೇಬಿ ಅಕ್ಷರ!" ಎನ್ನುತ್ತಿದ್ದಳು. ಅವಳ ತಮಿಳು ಗೆಳತಿಯರು ಕಲಿಸಿದ ಮಾತು. ನಾನು ನಗುತ್ತಿದ್ದೆ. ಆ ಜಿಲೇಬಿಯನ್ನು ಅಲ್ಲೇ ಓದಿಸಬಹುದಿತ್ತು, ಲಾರಿ ನಿಂತೇ ಇರುತ್ತಿತ್ತು. ಶಾಲೆಯಲ್ಲಿ ತಮಿಳು, ಇಂಗ್ಲಿಷು, ಹಿಂದಿ. ಮಗುವಿಗೆ ನಾಲ್ಕನೆಯದು ಭಾರವಾದೀತು, ದೊಡ್ಡ ರಜೆಯಲ್ಲಿ ನೋಡೋಣ ಎಂದುಕೊಂಡೆ. ರಜೆ ಬಂತು, ಹೋಯಿತು. ಈಗವಳು ಕೆಲಸಕ್ಕೆ ಹೋಗುತ್ತಾಳೆ.

ಮೌನ ಮುರಿದವರು ರಾಯರು. ಮಾಸ್ತಿಯವರ ಮನೆಮಾತು ತಮಿಳು, ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಓದಿದ್ದು ಇಂಗ್ಲಿಷ್ ಎಂ.ಎ., ಬರೆದದ್ದು ಕನ್ನಡ ಎಂದು ನೆನಪಿಸಿದರು. "ಹಾಗಾದ್ರೆ ಕನ್ನಡದಲ್ಲಿ ಯಾಕೆ ಬರೆದ್ರು ಅಂಕಲ್?" ಎಂದ ಹುಡುಗ. ಒಳ್ಳೆಯ ಪ್ರಶ್ನೆ! ಅರ್ಧ ಗಂಟೆ ಅದರ ಮೇಲೇ ಮಾತು ನಡೆಯಿತು. ಫಣಿಯಮ್ಮನ ದಿನ ಬಾಯಿಬಿಡದಿದ್ದ ಹುಡುಗಿಯೂ ಮಾತನಾಡಿದಳು. ಬಾನು ಅವರ ಮನೆಮಾತು ದಖನಿ ಉರ್ದು ಎಂದು ಹೇಳಿದವಳು ಅವಳೇ. ಶಿವಮೊಗ್ಗದಲ್ಲಿ ಎಂಟನೆಯ ವಯಸ್ಸಿಗೆ ಬಾನು ಅವರನ್ನು ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು ಒಂದು ಷರತ್ತಿನ ಮೇಲೆ: ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕು. ಕೆಲವೇ ದಿನಗಳಲ್ಲಿ ಆ ಹುಡುಗಿ ಬರೆಯತೊಡಗಿದಳಂತೆ.

ಆಮೇಲೆ ಹುಡುಗ ತನ್ನ ಪ್ರತಿಯನ್ನು ನನ್ನ ಕೈಗಿಟ್ಟ. ತಿರುವಿ ನೋಡಿದೆ. ದೀಪಾ ಅವರು ಎಷ್ಟೋ ಕನ್ನಡ ಮಾತುಗಳನ್ನು ಹಾಗೆಯೇ ಉಳಿಸಿದ್ದಾರೆ. ಓರೆ ಅಕ್ಷರ ಹಾಕಿಲ್ಲ, ಅಡಿಟಿಪ್ಪಣಿಯಲ್ಲಿ ಅರ್ಥ ಕೊಟ್ಟಿಲ್ಲ. ಲಂಡನ್ನಿನ ಓದುಗ ಅಲ್ಲಿ ಒಂದು ಕ್ಷಣ ತಡೆಯಬೇಕು. ನೀವು ತಡೆಯಬೇಕಿಲ್ಲ, ಮಕ್ಕಳೇ. 'ನಮ್ಮದು ಬರೀ ಅಡುಗೆಮನೆ ಕನ್ನಡ' ಎಂದು ನಾಚಿಕೊಳ್ಳುತ್ತೀರಲ್ಲ, ಆ ಕನ್ನಡವೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಕಾಲೇಜಿನಲ್ಲಿ ಹಾರ್ಡಿಯ ಕಾದಂಬರಿ ಓದುತ್ತ ಅಲ್ಲಿನ ಹಳ್ಳಿಗರ ಮಾತಿಗೆ ನಿಘಂಟು ಹುಡುಕಿ ಸಾಕಾಗಿದ್ದವಳು ನಾನು. ಇದರ ಬೆಲೆ ನನಗೆ ತಿಳಿಯುತ್ತದೆ.

ಅರಬ್ಬಿ ಕಲಿಸಲು ಬರುವ ಮೇಷ್ಟ್ರೊಬ್ಬರಿಗೆ ಗೋಬಿ ಮಂಚೂರಿಯ ಹುಚ್ಚು ಹಿಡಿದಿರುವ ಕಥೆಯೊಂದು ಇದರಲ್ಲಿದೆ ಎಂದಾಗ ಎಲ್ಲರೂ ನಕ್ಕರು. ಹೂಕೋಸಿಗೆ ನಮ್ಮೂರಲ್ಲಿ ಬರವೇ? ಮುಂದಿನ ಸಲ ಕೋಡುಬಳೆಗೆ ರಜೆ ಎಂದು ಅಲ್ಲೇ ತೀರ್ಮಾನವಾಯಿತು! ಆದರೆ ಎಲ್ಲವೂ ನಗೆಯ ಕಥೆಗಳಲ್ಲ. ಗಿರೀಶ್ ಕಾಸರವಳ್ಳಿಯವರು 'ಹಸೀನಾ' ಚಿತ್ರ ಮಾಡಿದ 'ಕರಿನಾಗರಗಳು' ಕಥೆಯೂ ಇದರಲ್ಲಿದೆ. ಗಂಡ ಕೈಬಿಟ್ಟ ಹೆಣ್ಣು ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುವ ಕಥೆ. ಮಡಿಯ ಅರ್ಥ ಕೇಳಿದ್ದ ಹುಡುಗ ಅದನ್ನು ಓದಿ ಮುಗಿಸಿ ಆ ರಾತ್ರಿ ಊಟ ಮಾಡಲಿಲ್ಲವೆಂದು ಅವನ ತಾಯಿ ಹೇಳಿದರು. ಫಣಿಯಮ್ಮನ ಬಳಿಗೆ ಅವನು ಈ ದಾರಿಯಿಂದ ಬಂದರೂ ಬರಬಹುದು.

ಕೊನೆಗೆ ಹೀಗೆ ಗೊತ್ತುಮಾಡಿಕೊಂಡೆವು. ಮಕ್ಕಳು ಇಂಗ್ಲಿಷಿನಲ್ಲಿ ಓದಿಕೊಂಡು ಬರುವುದು, ಹಿರಿಯರು ಕನ್ನಡದಲ್ಲಿ. ಸೇರಿದ ದಿನ ಒಂದೇ ಒಂದು ಕಥೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು. ಎರಡು ಗಂಟೆಯಲ್ಲ, ಇಪ್ಪತ್ತು ನಿಮಿಷ ಮಾತ್ರ (ಇದು ನನಗೆ ಹಾಕಿದ ಷರತ್ತು). ಮಾಸ್ತಿ ಅದರ ಮುಂದಿನ ಸಲಕ್ಕೆ. ರಾಯರು ಸ್ವಲ್ಪ ಮುನಿಸಿಕೊಂಡರು, ಆದರೆ ಕನ್ನಡ ಪುಸ್ತಕವನ್ನು ಬೆಂಗಳೂರಿನಿಂದ ತರಿಸಿಕೊಟ್ಟವರೂ ಅವರೇ.

ಮೊನ್ನೆ ರಾತ್ರಿ ಆ ಪುಸ್ತಕ ಊಟದ ಮೇಜಿನ ಮೇಲಿತ್ತು. ಮಗಳು ಕೈತೊಳೆದು ಬಂದು ತೆರೆದಳು. "ಆರು ತಿಂಗಳು ಅಂದ್ರೆ ಎಷ್ಟು ಭಾನುವಾರ ಅಮ್ಮಾ?" ಎಂದು ಕೇಳಿ ತಾನೇ ಇಪ್ಪತ್ತಾರು ಎಂದಳು. ಒಂದು ಹಾಳೆಯ ಮೇಲೆ ನಾನು 'ಎದೆಯ ಹಣತೆ' ಎಂದು ದೊಡ್ಡದಾಗಿ ಬರೆದುಕೊಟ್ಟೆ. ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಕೊಟ್ಟ ಕಥೆ ಅದು. ಬೆರಳಿಟ್ಟು "ಎ... ದೆ... ಯ" ಎಂದಳು. "ಹ" ಕೂಡ ಬಂತು. 'ಣ'ದ ಮೇಲೆ ಬೆರಳು ನಿಂತಿತು.

ನಾನು ಬಾಯಿ ತೆರೆದೆ.

"ಹೇಳಬೇಡ ಅಮ್ಮಾ, ತಾಳು."

ಒಳಗೆ ಹೋಗಿ ಹಾಲಿನ ಉರಿ ಸಣ್ಣ ಮಾಡಿ ಬಂದೆ. ಬೆರಳು ಇನ್ನೂ ಅಲ್ಲೇ ಇತ್ತು. ಎದುರಿಗೆ ಕೂತೆ.