ಚೌಕಟ್ಟೋ? ಬಿಡಿಭಾಗಗಳೋ?

ಹಳೆಯದಾದುದನ್ನು ತಿದ್ದಿ ಉಳಿಸಿಕೊಳ್ಳಬೇಕೆ, ಅಥವಾ ಅದನ್ನು ಬಿಟ್ಟು ಹೊಸದನ್ನು ತರಬೇಕೆ ಎಂಬ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ತಲೆಯೆತ್ತುವಂಥದು. ಮಳೆಗಾಲಕ್ಕೆ ಮುನ್ನ ಹೆಂಚಿನ ಮನೆಯ ಯಜಮಾನನು ಒಡೆದ ಹೆಂಚುಗಳನ್ನು ಬದಲಿಸಿದರೆ ಸಾಕೆ, ಇಲ್ಲವೆ ತೊಲೆಗೂ ಗೆದ್ದಲು ಹತ್ತಿದೆಯೆ ಎಂದು ಏಣಿ ಹಾಕಿ ನೋಡುತ್ತಾನೆ. ತೊಲೆ ಗಟ್ಟಿಯಾಗಿದ್ದರೆ ಹೆಂಚಿಗೆ ಮಾಡಿದ ಖರ್ಚು ಸಾರ್ಥಕ. ತೊಲೆ ಟೊಳ್ಳಾಗಿದ್ದರೆ ಹೊಸ ಹೆಂಚಿನ ಭಾರವೂ ಒಂದು ಅಪಾಯವೇ. ಈ ವಿವೇಚನೆ ಕಟ್ಟಡಗಳಂತಹ ದೊಡ್ಡ ಸಂಗತಿಗಳಿಗೆ ಮಾತ್ರ ಬೇಕಾದುದೆಂದು ತಿಳಿಯಬಾರದು. ಎರಡು ಗಾಲಿಯ ಸೈಕಲ್ಲಿಗೂ ಅದು ಅಷ್ಟೇ ಅಗತ್ಯ.

ಹಿಂದಿನ ತಲೆಮಾರಿನವರ ಸೈಕಲ್ಲಿಗೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಪಾಠ ಹೇಳಲು ಹೋಗುತ್ತಿದ್ದ ಉಪಾಧ್ಯಾಯರ ಹರ್ಕ್ಯುಲಿಸ್ ಅಥವಾ ರ‍್ಯಾಲಿ ಸೈಕಲ್ಲು ಉಕ್ಕಿನದು. ಟೈರು ಸವೆದರೆ ಟೈರು, ಚೈನು ಸಡಿಲವಾದರೆ ಚೈನು, ಕಡ್ಡಿ ಮುರಿದರೆ ಕಡ್ಡಿ. ಹೀಗೆ ಒಂದೊಂದಾಗಿ ಎಲ್ಲವೂ ಬದಲಾಗುತ್ತಿದ್ದವು. ಚೌಕಟ್ಟು ಮಾತ್ರ ತಂದೆಯ ಕಾಲದಿಂದ ಮಗನ ಕಾಲಕ್ಕೆ ಹಾಗೆಯೇ ಬರುತ್ತಿತ್ತು. ಆ ಸೈಕಲ್ಲು ಭಾರವೆಂದು ದೂರುವವರೂ ಇರಲಿಲ್ಲ. ಹಿಂದಿನ ಕ್ಯಾರಿಯರಿನಲ್ಲಿ ಜೋಳದ ಚೀಲವನ್ನೋ ನೀರಿನ ಕೊಡವನ್ನೋ ಹೊರಬೇಕಾಗಿದ್ದವನು ಸೈಕಲ್ಲಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಎಣಿಸುವುದುಂಟೆ?

ಕಾಲ ಬದಲಾಗಿದೆ; ಊರುಗಳೂ ಬದಲಾಗಿವೆ. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡನ್ನೇ ನೋಡಬಹುದು. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಜನರ ನೆಲೆಗಾಗಿ ಕೊಟ್ಟ ಭೂಮಿಯಲ್ಲಿ ಹುಟ್ಟಿ, ವೈಟ್ ಎಂಬವರ ಹೆಸರನ್ನು ಹೊತ್ತ ಆ ಒಕ್ಕಲು ಗ್ರಾಮವು ಬಹುಕಾಲ ತೋಟ, ಹೆಂಚಿನ ಮನೆ ಮತ್ತು ಒಂದು ರೈಲು ನಿಲ್ದಾಣಗಳ ಶಾಂತ ಊರಾಗಿತ್ತು. 1990ರ ದಶಕದಲ್ಲಿ ಅಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನವು ತಲೆಯೆತ್ತಿದ ಮೇಲೆ ನಾಡಿನ ಮೂಲೆಮೂಲೆಗಳಿಂದ ತರುಣರು ಅಲ್ಲಿಗೆ ಹರಿದು ಬಂದರು. 2023ರಲ್ಲಿ ಮೆಟ್ರೋ ರೈಲೂ ಕಾಡುಗೋಡಿಯವರೆಗೆ ಬಂದಿತು. ಹೀಗಿದ್ದರೂ ಬೆಳಗಿನ ಜಾವದಲ್ಲಿ ಅಲ್ಲಿನ ರಸ್ತೆಗಳಲ್ಲಿ ಶಿರಸ್ತ್ರಾಣ ಧರಿಸಿ ಸೈಕಲ್ಲು ತುಳಿಯುವವರು ಕಾಣಸಿಗುತ್ತಾರೆ. ಅವರಲ್ಲಿ ಹೊಟ್ಟೆಪಾಡಿಗಾಗಿ ತುಳಿಯುವವರುಂಟು, ಆರೋಗ್ಯಕ್ಕಾಗಿ ತುಳಿಯುವವರುಂಟು.

ಹೀಗೆ ಆರೋಗ್ಯಕ್ಕಾಗಿ ತುಳಿಯುವವರಲ್ಲಿ ಒಬ್ಬ ತರುಣ ಇಂಜಿನಿಯರ್. ಉತ್ತರ ಕರ್ನಾಟಕದ ಸಣ್ಣ ಊರಿನಿಂದ ಬಂದವನು. 2013ರಲ್ಲಿ, ನೌಕರಿಯ ಮೊದಲ ವರ್ಷದ ಉಳಿತಾಯದಿಂದ, ಬೆಟ್ಟಗಾಡಿಗೆಂದು ತಯಾರಾದ ಅಲ್ಯುಮಿನಿಯಂ ಸೈಕಲ್ಲೊಂದನ್ನು ಕೊಂಡನು. ವಾರದ ದಿನಗಳಲ್ಲಿ ಕಾಡುಗೋಡಿಯಿಂದ ಕಚೇರಿಗೆ. ಭಾನುವಾರಗಳಲ್ಲಿ ಹೊಸಕೋಟೆಯಾಚೆಯ ಮಣ್ಣಿನ ಹಾದಿಗಳಿಗೆ, ಆಗೊಮ್ಮೆ ಈಗೊಮ್ಮೆ ನಂದಿಬೆಟ್ಟಕ್ಕೆ. ಪರಸ್ಥಳದ ಒಂಟಿತನವನ್ನು ಕಳೆಯುವುದರಲ್ಲಿ ಆ ಸೈಕಲ್ಲಿನಷ್ಟು ಉಪಕಾರ ಮಾಡಿದ ವಸ್ತು ಆತನಿಗೆ ಬೇರೊಂದಿರಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಆತನ ಬಳಿ 70,000 ರೂಪಾಯಿ ಈ ಕಾರ್ಯಕ್ಕೆಂದೇ ಕೂಡಿತ್ತು. ಸೈಕಲ್ಲಿನ ತೂಕ 14 ಕಿಲೋಗ್ರಾಂ. ಅದನ್ನು ಹಗುರಗೊಳಿಸಬೇಕೆಂಬುದು ಆತನ ಹಂಬಲ. ಹೊಸ ಚೌಕಟ್ಟನ್ನು ತರುವುದೋ, ಇದ್ದ ಚೌಕಟ್ಟಿಗೆ ಹಗುರವಾದ ಬಿಡಿಭಾಗಗಳನ್ನು ಜೋಡಿಸುವುದೋ ಎಂಬುದು ಜಿಜ್ಞಾಸೆ.

ಈ ಜಿಜ್ಞಾಸೆ ಆ ಬಗೆಯ ಸೈಕಲ್ಲಿನ ಹುಟ್ಟಿನಷ್ಟೇ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಎಂಬಲ್ಲಿ ಕೆಲವು ತರುಣರು ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ತಂದು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರಿನಲ್ಲಿ ಅವರು ಒಂದು ಸ್ಪರ್ಧೆಯನ್ನೇ ಏರ್ಪಡಿಸಿದರು. ಒಮ್ಮೆ ಇಳಿದರೆ ಹಿಂದಿನ ಹಬ್‌ನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು; ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹಾದಿಗೆ ‘ರಿಪ್ಯಾಕ್’ ಎಂದೇ ಹೆಸರಾಯಿತು. ಅವರು ಮೊದಲು ಬದಲಿಸಿದುದು ಬಿಡಿಭಾಗಗಳನ್ನೇ: ಉತ್ತಮ ಬ್ರೇಕು, ಮೋಟಾರ್ ಸೈಕಲ್ಲಿನ ಹಿಡಿಕೆ, ಏರಿಗೆ ಅನುಕೂಲವಾಗುವ ಗೇರು. ಆದರೆ ಹಳೆಯ ಚೌಕಟ್ಟುಗಳು ಆ ಪೆಟ್ಟನ್ನು ತಾಳಲಿಲ್ಲ. ಆಗ, 1977ರಲ್ಲಿ, ಜೋ ಬ್ರೀಜ್ ಎಂಬಾತನು ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳಿಂದ ಆ ಹಾದಿಗೆಂದೇ ಒಂದು ಚೌಕಟ್ಟನ್ನು ಕಟ್ಟಿದನು. ಆತನು ಕಟ್ಟಿದ ಮೊದಲ ಸೈಕಲ್ಲು ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿದೆ. ಆತನು ಅರಸಿದುದು ಮುಖ್ಯವಾಗಿ ತಾಳಿಕೆಯನ್ನು. ಹಗುರತನವನ್ನಲ್ಲ ಎಂಬುದು ಗಮನಾರ್ಹ.

ಹಗುರತನದ ಲಾಭವೆಷ್ಟು ಎಂಬುದನ್ನು ಸಾಮಾನ್ಯ ಅಂಕಗಣಿತದಿಂದಲೇ ತಿಳಿಯಬಹುದು. ಸವಾರನ ತೂಕ 72 ಕಿಲೋಗ್ರಾಂ, ಸೈಕಲ್ಲಿನದು 14, ಒಟ್ಟು 86. ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ನೆತ್ತಿಗೇರಲು ಈ ಸವಾರನಿಗೆ 50 ನಿಮಿಷ ಬೇಕೆನ್ನೋಣ. ಸೈಕಲ್ಲಿನಿಂದ ಒಂದು ಕಿಲೋಗ್ರಾಂ ತೆಗೆದರೆ ಒಟ್ಟು ಭಾರದಲ್ಲಿ ಎಂಬತ್ತಾರನೆಯ ಒಂದಂಶ ತಗ್ಗುತ್ತದೆ; ಏರಿನಲ್ಲಿ ಉಳಿಯುವ ಕಾಲ ಸುಮಾರು 35 ಸೆಕೆಂಡು. ಒಂದು ಲೀಟರು ನೀರನ್ನು ಮನೆಯಲ್ಲಿಯೇ ಬಿಟ್ಟು ಬಂದರೂ ಅಷ್ಟೇ ಲಾಭ. ಪಂದ್ಯದಲ್ಲಿ ಓಡುವವನಿಗೆ ಅರ್ಧ ನಿಮಿಷವೇ ಸರ್ವಸ್ವವಾಗಬಹುದು. ಬೆಟ್ಟದ ಮೇಲೆ ಸೂರ್ಯೋದಯ ನೋಡಿ ಕಾಫಿ ಕುಡಿದು ಇಳಿಯುವವನಿಗೆ ಅದರಿಂದ ಆಗುವುದೇನು?

ಬಿಡಿಭಾಗಗಳಲ್ಲಿಯೂ ತರತಮ ಉಂಟು. ಗಾಲಿಯ ಅಂಚಿನಲ್ಲಿರುವ ಭಾರವು ಮುಂದಕ್ಕೂ ಸಾಗಬೇಕು, ಸುತ್ತಲೂ ತಿರುಗಬೇಕು. ಆದುದರಿಂದ ನಿಂತಲ್ಲಿಂದ ವೇಗ ಪಡೆಯುವಾಗ ಅದು ಬಹುಮಟ್ಟಿಗೆ ಇಮ್ಮಡಿಯಾಗಿ ಎಣಿಕೆಗೆ ಬರುತ್ತದೆ. ಸಿಗ್ನಲಿನಿಂದ ಸಿಗ್ನಲಿಗೆ ನಿಂತು ಹೊರಡಬೇಕಾದ ವೈಟ್‌ಫೀಲ್ಡಿನ ರಸ್ತೆಯಲ್ಲಿ ಹಗುರವಾದ ಗಾಲಿಯ ಸೊಗಸು ಕಾಲಿಗೆ ತಿಳಿಯುತ್ತದೆ. ಒಂದೇ ವೇಗದಲ್ಲಿ ಬೆಟ್ಟ ಹತ್ತುವಾಗ ಆ ಇಮ್ಮಡಿ ಲೆಕ್ಕ ನಡೆಯದು. ಟೈರಿನ ಮಾತು ಇನ್ನೂ ಬೇರೆ. ದಪ್ಪ ಗುಬುಟುಗಳ ಟೈರನ್ನು ತೆಗೆದು ಹಾದಿಗೆ ತಕ್ಕ ಟೈರನ್ನು ಹಾಕಿದರೆ ತೂಕಕ್ಕಿಂತ ಮಿಗಿಲಾಗಿ ನೆಲದ ಎಳೆತವೇ ತಗ್ಗುತ್ತದೆ. ಅಲ್ಪ ವೆಚ್ಚದಲ್ಲಿ ಹೆಚ್ಚು ಫಲ ಕೊಡುವ ಮಾರ್ಪಾಡು ಇದೇ. ಆದರೆ ತೀರ ತೆಳುವಾದ ಟೈರು ಜಾಲಿಮುಳ್ಳಿನ ಹಾದಿಯಲ್ಲಿ ಸವಾರನನ್ನು ನಡುದಾರಿಯಲ್ಲಿ ಇಳಿಸುತ್ತದೆ. ಸ್ಪ್ರಿಂಗಿನ ಫೋರ್ಕಿನ ಬದಲು ಗಾಳಿ ತುಂಬಿದ ಫೋರ್ಕು ಹಾಕಿದರೆ ಅರ್ಧ ಕಿಲೋಗ್ರಾಂಗಿಂತ ಹೆಚ್ಚು ಇಳಿಯಬಹುದು. ಬೆಲೆ ಮಾತ್ರ ಏರುತ್ತದೆ. ಬಲ, ಹಗುರ, ಅಗ್ಗ ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದೆಂದು ಕೀತ್ ಬಾಂಟ್ರೇಗರ್ ಎಂಬ ಸೈಕಲ್ ನಿರ್ಮಾಪಕನು ಹೇಳಿದನೆಂದು ಪ್ರತೀತಿ. ಮಾತು ಸಣ್ಣದು, ಅದರಲ್ಲಿ ಅಂಗಡಿಯ ಅನುಭವವೆಲ್ಲ ಅಡಗಿದೆ.

ಇನ್ನು ಚೌಕಟ್ಟು. ಅದು ಸವಾರನು ಕೂರುವ ಭಂಗಿಯನ್ನೂ ಇಳಿಜಾರಿನಲ್ಲಿ ಸೈಕಲ್ಲು ತೋರುವ ಸ್ಥೈರ್ಯವನ್ನೂ ನಿರ್ಧರಿಸುತ್ತದೆ. ಯಾವ ಗಾಲಿ, ಯಾವ ಫೋರ್ಕು ಹೊಂದುತ್ತದೆ ಎಂಬುದೂ ಅದರಿಂದಲೇ. ತರುಣನ ಚೌಕಟ್ಟು 26 ಇಂಚಿನ ಗಾಲಿಯ ಕಾಲದ್ದು. ಮುಂದಿನ ವರ್ಷಗಳಲ್ಲಿ 27.5 ಮತ್ತು 29 ಇಂಚಿನ ಗಾಲಿಗಳು ರೂಢಿಗೆ ಬಂದವು. ಹಿಂದಿನ ಗಾಲಿಯ ಅಚ್ಚಿಗೆ ಬಿಡುವ ಅಂತರ 135 ಮಿಲಿಮೀಟರಿನಿಂದ 148ಕ್ಕೆ ಅಗಲವಾಯಿತು. ಫೋರ್ಕಿನ ನೇರ ಕತ್ತು ಕೆಳಗೆ ದಪ್ಪವಾಗಿ ಮೇಲೆ ಸಪೂರವಾಯಿತು. ಆದುದರಿಂದ ಇಂದು ಹಳೆಯ ಚೌಕಟ್ಟಿಗೆಂದು ಕೊಂಡ ದುಬಾರಿ ಗಾಲಿಯು ನಾಳೆ ಹೊಸ ಚೌಕಟ್ಟಿಗೆ ಹೊಂದುವುದಿಲ್ಲ. ಸೀಟು, ಪೆಡಲು, ಹ್ಯಾಂಡಲ್ಲುಗಳು ಮಾತ್ರ ಸಾಮಾನ್ಯವಾಗಿ ಜೊತೆಯಲ್ಲಿ ಬರುತ್ತವೆ.

ಲೋಹದ ಗುಣವೂ ಗಮನಿಸತಕ್ಕದ್ದು. ಅಲ್ಯುಮಿನಿಯಂ ಉಕ್ಕಿನ ಮೂರನೆಯ ಒಂದಂಶದಷ್ಟು ತೂಗುತ್ತದೆ. ಅದರ ಬಿಗಿತವೂ ಹೆಚ್ಚುಕಡಿಮೆ ಮೂರನೆಯ ಒಂದಂಶವೇ. ಅದರಿಂದಾಗಿಯೇ ಅದರ ಕೊಳವೆಗಳನ್ನು ದಪ್ಪವಾಗಿ ಮಾಡುತ್ತಾರೆ. ಒಂದು ಮಿತಿಯೊಳಗಿನ ಪೆಟ್ಟುಗಳನ್ನು ಉಕ್ಕು ಎಣಿಕೆಯಿಲ್ಲದಷ್ಟು ಕಾಲ ಸಹಿಸಬಲ್ಲದು. ಅಲ್ಯುಮಿನಿಯಂಗೆ ಅಂತಹ ಸುರಕ್ಷಿತ ಮಿತಿಯಿಲ್ಲ. ಪ್ರತಿಯೊಂದು ಗುಂಡಿಯ ಪೆಟ್ಟೂ ಅದರ ಲೆಕ್ಕದ ಪುಸ್ತಕದಲ್ಲಿ ಜಮೆಯಾಗುತ್ತಲೇ ಹೋಗುತ್ತದೆ. ಉಪಾಧ್ಯಾಯರ ಹರ್ಕ್ಯುಲಿಸಿಗೂ ಈ ತರುಣನ ಸೈಕಲ್ಲಿಗೂ ಇರುವ ನಿಜವಾದ ಅಂತರ ಇಲ್ಲಿದೆ.

ತರುಣನು ಬಿಡಿಭಾಗಗಳ ಪಟ್ಟಿಯನ್ನು, ಒಂದೊಂದರ ಎದುರಿಗೆ ಉಳಿಯುವ ಗ್ರಾಂಗಳ ಸಂಖ್ಯೆಯನ್ನೂ ಬರೆದುಕೊಂಡು, ಪರಿಚಯದ ಸೈಕಲ್ ಮೇಸ್ತ್ರಿಯ ಬಳಿಗೆ ಹೋದನು. ವಯಸ್ಸಾದ ಮೇಸ್ತ್ರಿ ಪಟ್ಟಿಯನ್ನು ಓದಿ ಪಕ್ಕಕ್ಕಿಟ್ಟನು.

“ಗ್ರಾಮು ಆಮೇಲೆ ಎಣಿಸೋಣ ಸಾರ್. ಮೊದಲು ಇದನ್ನ ತೊಳೆದು ನೋಡೋಣ.”

ಮಣ್ಣು ತೊಳೆದು ಒರೆಸಿದ ಮೇಲೆ, ಸೀಟಿನ ಕೊಳವೆಗೆ ಮೇಲಿನ ಕೊಳವೆ ಕೂಡುವ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂತಹ ಗೆರೆಯೊಂದು ಕಂಡಿತು. ಬಣ್ಣ ಮಾತ್ರ ಬಿರಿದಿರಬಹುದೆಂದು ತರುಣನು ಹೇಳಿದನು; ಹಾಗಿರಲೆಂದು ಆಶಿಸಿದನು ಎಂದರೂ ಸರಿಯೆ. ಮೇಸ್ತ್ರಿ ಅಲ್ಲಿನ ಬಣ್ಣವನ್ನು ಹುಷಾರಾಗಿ ಕೆರೆದನು. ಗೆರೆ ಲೋಹದಲ್ಲಿಯೂ ಇತ್ತು. ಮತ್ತೊಮ್ಮೆ ಬೆಸೆಯಲಾಗದೆ ಎಂದು ಕೇಳಿದುದಕ್ಕೆ, ಬೆಸುಗೆಯ ಕಾವಿಗೆ ಸುತ್ತಲಿನ ಅಲ್ಯುಮಿನಿಯಂ ತನ್ನ ಹದ ಕಳೆದುಕೊಳ್ಳುತ್ತದೆ, ಇಡೀ ಚೌಕಟ್ಟನ್ನು ಕುಲುಮೆಯಲ್ಲಿ ಮತ್ತೆ ಹದಗೊಳಿಸದೆ ಅದನ್ನು ನಂಬುವಂತಿಲ್ಲ ಎಂದು ಆತನು ವಿವರಿಸಿದನು.

ಪಟ್ಟಿಯಲ್ಲಿದ್ದ ಗ್ರಾಂಗಳೆಲ್ಲ ಅರ್ಥ ಕಳೆದುಕೊಂಡುದು ಆ ಕ್ಷಣದಲ್ಲಿ. ಹಗುರವಾದ ಗಾಲಿಯನ್ನೂ ಗಾಳಿಯ ಫೋರ್ಕನ್ನೂ ಆ ಚೌಕಟ್ಟಿಗೆ ಜೋಡಿಸಿದ್ದರೆ ನಂದಿಬೆಟ್ಟದ ತಿರುವುಗಳಲ್ಲಿ ಇನ್ನಷ್ಟು ವೇಗವಾಗಿ ಇಳಿಯಬಹುದಾಗಿತ್ತು. ಇಳಿಯುತ್ತಿದ್ದುದು ಬಿರುಕಿನ ಮೇಲೆ ಕುಳಿತು.

ಕಾರ್ಬನ್ ಫೈಬರಿನ ಆಸೆಯನ್ನು ಬಿಟ್ಟು ತರುಣನು ಮತ್ತೆ ಅಲ್ಯುಮಿನಿಯಂ ಚೌಕಟ್ಟನ್ನೇ ಆರಿಸಿಕೊಂಡನು. ಅದರೊಡನೆ ಗಾಲಿ, ಫೋರ್ಕುಗಳನ್ನೂ ಕೊಳ್ಳಬೇಕಾಯಿತು. ಕೂಡಿಟ್ಟ ಹಣವೆಲ್ಲ ಅಲ್ಲಿಗೆ ಮುಗಿಯಿತು. ಹಳೆಯ ಸೀಟು, ಪೆಡಲು, ಹ್ಯಾಂಡಲ್ಲುಗಳು ಹೊಸ ಸೈಕಲ್ಲಿಗೆ ಬಂದವು. ತಕ್ಕಡಿಗೆ ಹಾಕಿದಾಗ ಇಳಿದ ತೂಕ ಅರ್ಧ ಕಿಲೋಗ್ರಾಂ ಮಾತ್ರ.

ಉಳಿದುದು ಹಳೆಯ ಚೌಕಟ್ಟು. ಕೋಣೆಯ ಜೊತೆಗಾರನು, “ಬಣ್ಣ ಹೊಡೆಸಿ ಮಾರಿಬಿಡೋ. ಐದು ಸಾವಿರಕ್ಕೆ ಮೋಸ ಇಲ್ಲ,” ಎಂದನು. ಮಾತು ಸುಳ್ಳಲ್ಲ. ಬೆಸುಗೆಯ ಮೇಲೆ ಒಂದು ಪದರ ಬಣ್ಣ ಬಿದ್ದರೆ ಗೆರೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಹಣವೆಲ್ಲ ಖರ್ಚಾಗಿದ್ದ ತಿಂಗಳಲ್ಲಿ ಐದು ಸಾವಿರ ಸಣ್ಣ ಮೊತ್ತವೂ ಆಗಿರಲಿಲ್ಲ. ಆದರೆ ಅಂತಹ ಹಳೆಯ ಸೈಕಲ್ಲನ್ನು ಕೊಳ್ಳುವವರು ಯಾರು? ರಾತ್ರಿ ಪಾಳಿಗೆ ಹೋಗುವ ಕಾವಲುಗಾರನೋ, ಮನೆಮನೆಗೆ ಊಟ ತಲುಪಿಸುವ ಹುಡುಗನೋ ಇರಬೇಕು. ಬಿರುಕು ಅಗಲವಾಗುವ ದಿನ ಟ್ಯಾಂಕರ್ ಲಾರಿಗಳ ನಡುವೆ ಅದರ ಮೇಲೆ ಕುಳಿತಿರುವವನು ಅವನೇ. ತರುಣನು ಮೂರು ದಿನ ಯೋಚಿಸಿದನು. ನಾಲ್ಕನೆಯ ದಿನ ಚೌಕಟ್ಟನ್ನು ಮೇಸ್ತ್ರಿಯ ಬಳಿಗೆ ಒಯ್ದು, ಗರಗಸದಿಂದ ಮೂರು ತುಂಡು ಮಾಡಿಸಿ, ತನ್ನ ಕಣ್ಣೆದುರಿಗೇ ಗುಜರಿಯವನ ತಕ್ಕಡಿಗೆ ಹಾಕಿಸಿದನು. ಮೇಸ್ತ್ರಿ ಅದಕ್ಕೆ ಕೂಲಿ ಕೇಳಲಿಲ್ಲ.

ಹೊಸ ಸೈಕಲ್ಲಿನಲ್ಲಿ ನಂದಿಬೆಟ್ಟ ಹತ್ತಲು ಆತನಿಗೆ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. ಹೀಗೆ ಹಣ ಕೊಟ್ಟು ಕೊಂಡುದರಿಂದ ವೇಗವೇನೂ ಹೆಚ್ಚಲಿಲ್ಲವೆಂದು ಜೊತೆಗಾರನು ಹಾಸ್ಯ ಮಾಡುವುದುಂಟು. ಬಿಡಿಭಾಗಗಳು ಕಣ್ಣಿಗೆ ಕಾಣುತ್ತವೆ, ಹೊಳೆಯುತ್ತವೆ, ನೋಡಿದವರ ಮೆಚ್ಚುಗೆಯನ್ನೂ ಗಳಿಸುತ್ತವೆ. ಚೌಕಟ್ಟಿನ ಗಟ್ಟಿತನವನ್ನು ಹೊಗಳುವವರು ವಿರಳ. ಅದು ಗಟ್ಟಿಯಾಗಿದ್ದರೆ ಅದನ್ನು ಬದಲಿಸುವ ಅಗತ್ಯವಿಲ್ಲ. ಒಂದು ಜೊತೆ ಒಳ್ಳೆಯ ಟೈರು ಹಾಕಿಕೊಂಡು ಸಂತೋಷವಾಗಿ ತುಳಿಯಬಹುದು. ಗಟ್ಟಿಯಾಗಿದೆಯೆ ಎಂಬುದನ್ನು ಅರಿಯಲು ಮಾತ್ರ, ಖರ್ಚಿನ ಪಟ್ಟಿ ಬರೆಯುವುದಕ್ಕೆ ಮುನ್ನ, ಮಣ್ಣು ತೊಳೆದು ನೋಡುವ ತಾಳ್ಮೆ ಬೇಕು.